ಕಿರಾಣಿ ಚೀಟಿಯ ಪ್ರಸಂಗ

ಶನಿವಾರ ಸಂಜೆ ಐದರ ಮೇಲೆ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಸೀನುವಂತಿರಲಿಲ್ಲ. ಅಜ್ಜ ಪ್ರಸಂಗ ಬರೆಯುತ್ತಿದ್ದ.

ಬರೆಯುತ್ತಿದ್ದ ಅಂದರೆ ಪುಟಗಟ್ಟಲೆ ಅಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಮುಗಿದುಹೋದ ತಿಂಗಳಿನ ಹಾಳೆ ಹರಿದು, ಮಡಚಿ, ಬೆರಳುಗುರಿನಿಂದ ತೀಡಿ ನಾಲ್ಕು ತುಂಡು ಮಾಡುವುದು. ಒಂದು ತುಂಡಿನ ಬೆನ್ನಿಗೆ ಪೆನ್ಸಿಲ್ಲಿನಿಂದ ಮೂರು ಶಬ್ದ ಬರೆಯುವುದು. ಆ ಮೂರು ಶಬ್ದಕ್ಕೆ ಮೂರು ತಾಸು ಹಿಡಿಯುತ್ತಿತ್ತು. ಉಳಿದ ಮೂರು ತುಂಡು ಆಯಿಯ, ಅಂದರೆ ಅಜ್ಜಿಯ, ಪಾಲು. ಅವುಗಳ ಮೇಲೆ ಕಿರಾಣಿ ಸಾಮಾನಿನ ಯಾದಿ ಬರೆಯುವ ಕೆಲಸ ನನ್ನದು, ಆಯಿಗೆ ಅಕ್ಷರ ಬರುತ್ತಿರಲಿಲ್ಲವಾದ್ದರಿಂದ. ಒಂದೇ ಹಾಳೆಯಿಂದ ದೇವರ ವಾಕ್ಯವೂ ಬೆಲ್ಲದ ಲೆಕ್ಕವೂ ಹುಟ್ಟುತ್ತಿದ್ದ ಮನೆಯಲ್ಲಿ ಮುಂದೆ ಆದದ್ದು ಆಗಲೇಬೇಕಾಗಿತ್ತು ಎಂದು ಈಗ ಅನ್ನಿಸುತ್ತದೆ.

ಅಜ್ಜನನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆಂದು ದಕ್ಷಿಣದ ಓದುಗರು ಮುನಿಯಬಾರದು. ನಮ್ಮ ಗದಗ-ಬೆಟಗೇರಿ ಕಡೆ ಅಜ್ಜನಿಗೂ ದೇವರಿಗೂ ಬಹುವಚನ ಹಚ್ಚಿದರೆ ಇಬ್ಬರೂ ಪರಕೀಯರಾಗಿಬಿಡುತ್ತಾರೆ.

ಅಜ್ಜ ಬೆಟಗೇರಿ ಸಭೆಯಲ್ಲಿ ಉಪದೇಶಿಯಾಗಿದ್ದವನು. ಉಪದೇಶಿ ಎಂದರೆ ಪಾಸ್ಟರರಿಗಿಂತ ಒಂದು ಮೆಟ್ಟಿಲು ಕೆಳಗೆ, ಸಂಬಳದಲ್ಲಿ ಮಾತ್ರ ಹತ್ತು ಮೆಟ್ಟಿಲು ಕೆಳಗೆ. ಪಾಸ್ಟರರು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿಗಳಿಗೆ ಹೋದ ರವಿವಾರ ಪೀಠ ಹತ್ತುವ ಪಾಳಿ ಅವನದು. ‘ಪ್ರಸಂಗ’ ಎಂಬ ಶಬ್ದವೇ ವಿಚಿತ್ರ ನೋಡಿ. ಕರಾವಳಿಯವರಿಗೆ ಪ್ರಸಂಗವೆಂದರೆ ಯಕ್ಷಗಾನ, ಸಂಸಾರಸ್ಥರಿಗೆ ಮೈಮೇಲೆ ಬಿದ್ದ ಫಜೀತಿ, ಕ್ರೈಸ್ತ ಸಭೆಯವರಿಗೆ ರವಿವಾರದ ಬೋಧನೆ. ಈ ಮೂರೂ ಒಂದೇ ಮುಂಜಾನೆ ಕೂಡಿಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ಹೇಳುವ ಮುಂಚೆ, ಗದುಗಿನಲ್ಲಿ ಪ್ರಸಂಗ ಹೇಳುವುದು ಏನು ಕಷ್ಟ ಎಂಬುದನ್ನು ಹೇಳಬೇಕು.

ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ನಮ್ಮ ಬೆಟಗೇರಿ. ಜರ್ಮನಿ, ಸ್ವಿಟ್ಜರ್ಲೆಂಡ್ ಕಡೆಯ ಹುಡುಗರು, ಇಪ್ಪತ್ತೈದು ಮೂವತ್ತರ ವಯಸ್ಸು. ಸಂತೆಯಲ್ಲಿ, ಜಾತ್ರೆಯಲ್ಲಿ, ಅಗಸಿಯ ಕಟ್ಟೆಯ ಮೇಲೆ ನಿಂತು ಕನ್ನಡದಲ್ಲಿ ಉಪದೇಶ ಮಾಡಬೇಕು. ಅವರ ಧೈರ್ಯಕ್ಕೆ ಕೈ ಮುಗಿಯಬೇಕು, ಯಾಕೆಂದರೆ ಅವರು ಮಾತಾಡಲು ನಿಂತದ್ದು ಕೇಳಿ ಕೇಳಿ ಪಳಗಿದ ಕಿವಿಗಳ ಮುಂದೆ. ಗದುಗಿನವರು ಕೇಳುವುದರಲ್ಲಿ ಪಾಸಾದವರು. ವೀರನಾರಾಯಣ ಗುಡಿಯಲ್ಲಿ ಭಾರತ ವಾಚನ ಕೇಳಿದವರು, ಶ್ರಾವಣದಲ್ಲಿ ತಿಂಗಳುಗಟ್ಟಲೆ ಮಠದ ಪುರಾಣ ಕೇಳಿದವರು. ಈಚೆಗೆ ಹೇಳುವುದಾದರೆ ತೋಂಟದಾರ್ಯ ಮಠದ ಶಿವಾನುಭವ ಕೇಳಿದವರು, ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಹಾರ್ಮೋನಿಯಂ ಕೇಳಿದವರು. ಇಂಥವರ ಮುಂದೆ ತಬಲಾ ಇಲ್ಲ, ಹಾರ್ಮೋನಿಯಂ ಇಲ್ಲ, ಬರೇ ಬಾಯಿ ಹಿಡಿದುಕೊಂಡು ನಿಲ್ಲುವುದೆಂದರೆ ಲಗ್ನದ ಊಟಕ್ಕೆ ಬರೇ ಬಿಳಿ ಅನ್ನ ಬಡಿಸಿದ ಹಾಗೆ.

ಮಿಶನರಿಗಳಲ್ಲಿ ಶಾಣ್ಯಾ ಇದ್ದವರಿಗೆ ಇದು ಬೇಗ ತಿಳಿಯಿತು. ಹೆರ್ಮನ್ ಮೊಗ್ಲಿಂಗ್ ಕನ್ನಡ ಗಾದೆಗಳನ್ನು ಕೂಡಿಸಿದ, ದಾಸರ ಪದಗಳನ್ನು ಅಚ್ಚು ಹಾಕಿಸಿದ, 1843ರಲ್ಲಿ ‘ಮಂಗಳೂರ ಸಮಾಚಾರ’ ಎಂಬ ಪತ್ರಿಕೆಯನ್ನೂ ಹೊರಡಿಸಿದ. ನಿಘಂಟಿನ ಕಿಟೆಲ್ ಸಾಹೇಬ ಯೇಸುವಿನ ಕಥೆಯನ್ನು ಕನ್ನಡ ಛಂದಸ್ಸಿಗೆ ಕೂಡಿಸಿ 1862ರಲ್ಲಿ ‘ಕಥಾಮಾಲೆ’ ತಂದ. ಬೋಧನೆ ಮಾಡಲು ಬಂದವರು ಮೊದಲು ಕೇಳುವುದನ್ನು ಕಲಿತರು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಅಜ್ಜ ಮಾತ್ರ ಇದನ್ನು ಒಪ್ಪುತ್ತಿರಲಿಲ್ಲ. “ಮಂಗಳೂರಿನ ಮುನ್ಷಿ ಕಡೆ ಕನ್ನಡ ಕಲ್ತು ಬೆಟಗೇರಿ ನೇಕಾರ ಮುಂದ ಮಾತಾಡಿದ್ರ ಯಾರಿಗೆ ತಿಳದಿತ್ತು? ಗಡ್ಡ ನೋಡಾಕ ನಿಂತಿದ್ರು ಮಂದಿ” ಅನ್ನುತ್ತಿದ್ದ.

ಹಾಗೆ ಅನ್ನುತ್ತಿದ್ದ ಅಜ್ಜನ ಪ್ರಸಂಗದ ಕನ್ನಡವಾದರೂ ಎಲ್ಲಿಯದು? ಪೀಠ ಹತ್ತಿದ ಕೂಡಲೇ ಅವನ ನಾಲಿಗೆ ಕೋಟು ಹಾಕಿಕೊಳ್ಳುತ್ತಿತ್ತು. ಮನೆಯಲ್ಲಿ “ಏನಲೇ ತಮ್ಮಾ” ಅನ್ನುವವನು ಅಲ್ಲಿ “ಪ್ರಿಯ ಸಹೋದರ ಸಹೋದರಿಯರೇ” ಅನ್ನುವನು. “ಯಾಕಂದರೆ”, “ಆದಕಾರಣ”, “ನಿಶ್ಚಯವಾಗಿ” ಎಂಬ ಹಳೇ ಸತ್ಯವೇದದ ಶಬ್ದಗಳು ಒಂದರ ಹಿಂದೆ ಒಂದು ಇಳಿಯುತ್ತಿದ್ದವು. ಬಳ್ಳಾರಿಯಲ್ಲಿ ಕೂತು ಜಾನ್ ಹ್ಯಾಂಡ್ಸ್ ಎಂಬ ಪಾದ್ರಿ ಮತ್ತವನ ಜೊತೆಗಾರರು ವರ್ಷಗಟ್ಟಲೆ ಜೀವ ತೇದು 1831ಕ್ಕೆ ಇಡೀ ಸತ್ಯವೇದವನ್ನು ಕನ್ನಡಕ್ಕೆ ತಂದರು. ಆಮೇಲೆ ಎಷ್ಟೋ ಸಲ ತಿದ್ದಿದರು. ಆದರೂ ಅದರ ಧಾಟಿ ಮಾತ್ರ ನಮ್ಮ ಹಿರಿಯರ ಗಂಟಲಲ್ಲಿ ಕೂತುಬಿಟ್ಟಿತ್ತು. ಇತ್ತ ನಮ್ಮ ಲಕ್ಷ್ಮೇಶ್ವರವೋ, ಹಳೇ ಪುಲಿಗೆರೆ. ಸಾವಿರ ವರ್ಷದ ಹಿಂದೆ, 941ರಲ್ಲಿ, ಪಂಪ ಭಾರತ ಬರೆದು, ಇದು ಪುಲಿಗೆರೆಯ ತಿರುಳ್ಗನ್ನಡ ಎಂದು ಹೆಮ್ಮೆಪಟ್ಟ. ಅದೇ ಲಕ್ಷ್ಮೇಶ್ವರದ ಬಸ್‌ಸ್ಟ್ಯಾಂಡಿನಲ್ಲಿ ಅಜ್ಜ ಕಂಡಕ್ಟರನ ಜೊತೆ ಚಿಲ್ಲರೆಗಾಗಿ ಜಗಳಾಡಿದ ಕನ್ನಡ ಕೇಳಿದ್ದೇನೆ. ತಿರುಳು ಅಂದರೆ ಅದು. ಆ ಕನ್ನಡದಲ್ಲಿ ಒಂದೇ ಒಂದು ಪ್ರಸಂಗ ಹೇಳಿದ್ದರೆ ಇಡೀ ಸಭೆ ಪಶ್ಚಾತ್ತಾಪಪಟ್ಟು ಚಿಲ್ಲರೆ ವಾಪಸು ಕೊಡುತ್ತಿತ್ತು.

ಆಯಿ ಪ್ರಸಂಗದ ಹೊತ್ತಿಗೆ ನಿದ್ದೆ ಹೋಗುತ್ತಿದ್ದಳು. ಕದ್ದುಮುಚ್ಚಿ ಅಲ್ಲ, ನೆಟ್ಟಗೆ ಕೂತು, ಸೆರಗು ಸರಿ ಮಾಡಿಕೊಂಡು, ಹಕ್ಕಿನಿಂದ. ಅಜ್ಜ ಬೈದರೆ ಅವಳ ಉತ್ತರ ಸಿದ್ಧವಿತ್ತು: “ಪೌಲನ ಪ್ರಸಂಗದಾಗನs ನಿದ್ದಿ ಮಾಡ್ಯಾರ, ನಿಮ್ಮದೇನ್ ಹಚ್ಚೀರಿ.” ಅವಳು ಹೇಳಿದ್ದು ಖರೇ. ಅಪೊಸ್ತಲರ ಕೃತ್ಯಗಳು 20ನೆಯ ಅಧ್ಯಾಯ. ತ್ರೋವದಲ್ಲಿ ಪೌಲ ಮಾತಾಡುತ್ತಾ ಆಡುತ್ತಾ ನಡುರಾತ್ರಿಯಾಯಿತು. ಕಿಟಕಿಯಲ್ಲಿ ಕೂತಿದ್ದ ಯೂತಿಕನೆಂಬ ಹುಡುಗ ತೂಕಡಿಸಿ ಮೂರನೆಯ ಅಂತಸ್ತಿನಿಂದ ಕೆಳಗೆ ಬಿದ್ದ. ಪೌಲ ಇಳಿದುಹೋಗಿ ಅವನ ಜೀವ ಉಳಿಸಿದ, ಮತ್ತೆ ಮೇಲೆ ಬಂದ, ಬೆಳಗಾಗುವ ತನಕ ಮಾತು ಮುಂದುವರಿಸಿದ! ಹುಡುಗ ಬಿದ್ದರೂ ನಿಲ್ಲಿಸದ ಆ ಹುಮ್ಮಸ್ಸು ನನಗೆ ಪವಾಡಕ್ಕಿಂತ ದೊಡ್ಡದಾಗಿ ಕಾಣುತ್ತದೆ. ನಮ್ಮ ಸಭೆಯಲ್ಲಿ ಹುಡುಗರನ್ನು ಕಿಟಕಿಯಲ್ಲಿ ಕೂಡಗೊಡುತ್ತಿರಲಿಲ್ಲ.

ಇನ್ನು ಆ ಶನಿವಾರ. 1970ರ ದಶಕ, ನಾನು ನಾಲ್ಕನೆಯ ಇಯತ್ತೆ. ಆಯಿ ಹೇಳುತ್ತಾ ಹೋದಳು, ನಾನು ಬರೆಯುತ್ತಾ ಹೋದೆ. ಅಜ್ಜನ ತುಂಡು ಮೇಜಿನ ಈ ತುದಿಗೆ, ನನ್ನ ತುಂಡು ಆ ತುದಿಗೆ. ಗಾಳಿ ಬಂತೋ, ಬೆಕ್ಕು ಹಾಯ್ದುಹೋಯಿತೋ, ದೇವರೇ ಬಲ್ಲ. ನಾನು ಕೈಗೆ ಸಿಕ್ಕಿದ್ದನ್ನು ಹಿಡಿದು ಚೀಲ ಬೀಸುತ್ತಾ ಅಂಗಡಿಗೆ ಓಡಿದೆ.

ಸಾವಕಾರರು ಹಣೆಯ ಮೇಲಿದ್ದ ಚಾಳೀಸು ಮೂಗಿಗೆ ಇಳಿಸಿ ಓದಿದರು. ಒಮ್ಮೆ ನನ್ನ ಮುಖ ನೋಡಿ ಮತ್ತೊಮ್ಮೆ ಓದಿದರು. ಚೀಟಿಯಲ್ಲಿದ್ದದ್ದು ಇಷ್ಟೇ: ಪಾಪ, ಪಶ್ಚಾತ್ತಾಪ, ಪರಿಹಾರ.

“ತಮ್ಮಾ, ಇದರಾಗಿನ ಒಂದ ಸಾಮಾನೂ ನಮ್ಮ ಅಂಗಡ್ಯಾಗ ಇಲ್ಲಲೇ” ಅಂದರು. ಆಮೇಲೆ ಹಿಂದಿನ ಚೀಲಗಳ ಕಡೆ ತಿರುಗಿ, “ಮೊದಲನೇದ್ದು ಗ್ವಾದಾಮಿನ್ಯಾಗ ಬೇಕಾದಷ್ಟ ಐತಿ, ಆದರ ಅದನ್ನ ಮಾರೂದಿಲ್ಲ. ‘ಪ’ದಿಂದನs ಬೇಕಂದ್ರ ಪುಠಾಣಿ ಐತಿ ನೋಡು, ಕೊಡ್ಲೇನು?”

ನಾನು ಪುಠಾಣಿ ಇಸಿದುಕೊಂಡು ಬಾಯಿಗೆ ಹಾಕಿಕೊಂಡೆ. ಸಾವಕಾರರಿಗೆ ನಮ್ಮ ಮನೆಯ ಯಾದಿ ಬಾಯಿಪಾಠ. ನೆನಪಿನಿಂದಲೇ ಎಲ್ಲಾ ಕಟ್ಟಿಕೊಟ್ಟು ಅಜ್ಜನ ಚೀಟಿಯನ್ನು ಉದ್ರಿ ಚೀಟಿಗಳ ತಂತಿಗೆ ಚುಚ್ಚಿದರು. ಪಾಪ, ಪಶ್ಚಾತ್ತಾಪ, ಪರಿಹಾರ ಮೂರೂ ನಮ್ಮ ಖಾತೆಗೆ ಜಮೆಯಾದವು. ಮನೆಗೆ ಬಂದು ನಾನು ಯಾರಿಗೂ ಬಾಯಿ ಬಿಡಲಿಲ್ಲ. ಬಾಯಲ್ಲಿ ಪುಠಾಣಿ ಇತ್ತು.

ಮರುದಿನ ಗೀತೆ ಮುಗಿಯಿತು, ಪಾಠ ಓದಿದ್ದಾಯಿತು, ಕಾಣಿಕೆ ಎತ್ತಿದ್ದಾಯಿತು. ಅಜ್ಜ ಪೀಠ ಹತ್ತಿ ಸತ್ಯವೇದದೊಳಗಿಂದ ಚೀಟಿ ತೆಗೆದ. ನೋಡಿದ. ಚಾಳೀಸು ತೆಗೆದು ಧೋತರದ ಚುಂಗಿನಿಂದ ಒರೆಸಿ ಹಾಕಿಕೊಂಡು ಮತ್ತೆ ನೋಡಿದ. ಅಕ್ಷರ ಬದಲಾಗಿರಲಿಲ್ಲ. ನನ್ನದೇ ಗುಂಡಕ್ಷರ: ಉಪ್ಪು, ಸಾಸ್ವಿ, ಜೀರಗಿ, ಕುಸುಬಿ ಎಣ್ಣಿ, ಕಡ್ಡಿಪೆಟ್ಟಿಗಿ, ಬಳ್ಳೊಳ್ಳಿ, ಬೆಲ್ಲ, ಚಾಪುಡಿ. ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಮೇಲೆ ಅವನ ಕಣ್ಣು ಬಿತ್ತು. ಅವತ್ತು ಕಿಟಕಿಯಲ್ಲಿ ಕೂತಿದ್ದರೆ ನಾನೇ ಹಾರುತ್ತಿದ್ದೆ.

“ನಿನ್ನಿ ನಮ್ಮ ಮನ್ಯಾಗ ಉಪ್ಪು ತೀರಿತ್ತು” ಎಂದು ಅಜ್ಜ ಸುರು ಮಾಡಿದ.

ಸಹೋದರರೂ ಇಲ್ಲ, ಆದಕಾರಣವೂ ಇಲ್ಲ. ಸಭೆ ತಲೆ ಎತ್ತಿತು. ಉಪ್ಪು ತೀರಿದ ಮನೆಯಲ್ಲಿ ಸಾರು ಹೇಗಿರುತ್ತದೆ, ನೀವೇ ಉಪ್ಪು ಎಂದು ಯೇಸು ಯಾರಿಗೆ ಹೇಳಿದ, ಅವರೇನು ದೊಡ್ಡ ಮಂದಿಯೇ, ಮೀನು ಹಿಡಿಯುವವರು. ಆಮೇಲೆ ಸಾಸಿವೆ. ದೇವರ ರಾಜ್ಯಕ್ಕೆ ಅವನು ತೆಂಗಿನಕಾಯಿ ಹೋಲಿಸಲಿಲ್ಲ, ಸಾಸಿವೆ ಹೋಲಿಸಿದ. “ಒಗ್ಗರಣ್ಯಾಗ ಸಾಸ್ವಿ ಸಿಡಿಯೂತನಕ ಅದು ಐತಿ ಅಂತನs ಗೊತ್ತಾಗೂದಿಲ್ಲ” ಎಂದು ಅಜ್ಜ ಅಂದಾಗ ಹೆಂಗಸರ ಕಡೆಯಿಂದ ನಗೆ ಬಂತು. ಜೀರಿಗೆಯಲ್ಲಿ ಹತ್ತರಲ್ಲೊಂದು ಪಾಲು ಎಣಿಸಿ ದೇವರಿಗೆ ಕೊಟ್ಟು ನ್ಯಾಯ, ಕರುಣೆ ಮರೆತ ಫರಿಸಾಯರು ಬಂದರು. ಅವರ ಕೈಯಲ್ಲಿ ನಮ್ಮ ಸಾವಕಾರರ ಸಣ್ಣ ತಕ್ಕಡಿ ಇತ್ತು. ಎಣ್ಣೆ ಮರೆತು ಬಂದ ಐವರು ಕನ್ಯೆಯರ ಮನೆಯಲ್ಲಿ ಯಾದಿ ಬರೆಸುವ ಆಯಿ ಇರಲಿಲ್ಲವಂತೆ. ಕಡ್ಡಿಪೆಟ್ಟಿಗೆಯಿಂದ ದೀಪ ಹತ್ತಿಸಿ ಕೊಳಗದ ಕೆಳಗೆ ಇಡುವವನ ಸುದ್ದಿ ಬಂತು. ಕೊಳಗ ಅಂದರೆ ಏನೆಂದು ಜೋಳ ಅಳೆಯುವವರಿಗೆ ಹೇಳಬೇಕಾಗಿರಲಿಲ್ಲ.

ಬಳ್ಳೊಳ್ಳಿಗೆ ಬಂದಾಗ ನನಗೇ ಭಯವಾಯಿತು. ಅಜ್ಜ ಅಳುಕಲಿಲ್ಲ. ಅರಣ್ಯಕಾಂಡ 11ನೆಯ ಅಧ್ಯಾಯ. ಐಗುಪ್ತದ ದಾಸ್ಯದಿಂದ ಬಿಡಿಸಿಕೊಂಡು ಬಂದ ಇಸ್ರಾಯೇಲರು ಮರುಭೂಮಿಯಲ್ಲಿ ಕೂತು, ಅಲ್ಲಿ ತಿನ್ನುತ್ತಿದ್ದ ಉಳ್ಳಾಗಡ್ಡಿ ಬಳ್ಳೊಳ್ಳಿ ನೆನೆದು ಅತ್ತರು. “ಬಿಡುಗಡಿ ಆದ ಮ್ಯಾಲೂ ನಾಲಿಗಿ ಗುಲಾಮನs ಇರತೈತಿ” ಅಂದ. ಹಿಂದಿನ ಸಾಲಿನಲ್ಲಿ ಉಳ್ಳಾಗಡ್ಡಿ ಬೆಳೆದು ಧಾರಣಿ ಸಿಗದೆ ಕೂತಿದ್ದ ರೈತರಿಬ್ಬರು ಮುಖ ಮುಖ ನೋಡಿಕೊಂಡರು. ನಾನು ಹೊರಳಿ ನೋಡಿದೆ. ಆಯಿ ಎಚ್ಚರಾಗಿದ್ದಳು! ತನ್ನ ಯಾದಿ ತನಗೇ ಗುರುತು ಹತ್ತಿ, ಮುಂದಿನ ಸಾಮಾನನ್ನು ತುಟಿಯಲ್ಲೇ ಅನ್ನುತ್ತಿದ್ದಳು.

ಬೆಲ್ಲವನ್ನು ಅಜ್ಜ ಹಾರಿಸಿದ. ಚಾಪುಡಿಗೆ ಬಂದು ನಿಂತ. ಮೋಶೆಯಿಂದ ಯೋಹಾನನವರೆಗೆ ಮನಸ್ಸಿನಲ್ಲಿ ತಿರುವಿ ಹಾಕಿರಬೇಕು, ಎಲ್ಲೂ ಒಂದು ಕಪ್ಪು ಚಹಾ ಸಿಗಲಿಲ್ಲ. ಏನಾದರೂ ಇದ್ದೀತೇ ಎಂದು ಚೀಟಿ ಹೊರಳಿಸಿದ. ಅಲ್ಲಿ ಹೋದ ತಿಂಗಳ ಅಮಾವಾಸ್ಯೆ ಇತ್ತು.

“ಆಮೆನ್” ಅಂದ. ಹದಿನೆಂಟು ನಿಮಿಷ. ಅಜ್ಜನ ಪ್ರಸಂಗಗಳಲ್ಲೇ ಗಿಡ್ಡದ್ದು.

ಮನೆಗೆ ಬರುವಾಗ ದಾರಿಯಲ್ಲಿ ಆಯಿ ಹೇಳಿದ್ದು ಒಂದೇ ಮಾತು: “ಬೆಲ್ಲ ಬಿಟ್ರಿ.”

“ಸತ್ಯವೇದದಾಗ ಬೆಲ್ಲ ಇಲ್ಲ.”

“ಅದಕs ನಿಮ್ಮ ಪ್ರಸಂಗ ಸಪ್ಪಗಿರತಾವು.”

ಇಲ್ಲಿಗೆ ಅಜ್ಜ ಬದಲಾದ, ಮುಂದೆಲ್ಲ ಮನೆಮಾತಿನಲ್ಲೇ ಬೋಧಿಸಿದ ಎಂದು ಬರೆದರೆ ಕಥೆ ಚಂದವಾಗುತ್ತಿತ್ತು. ಹಾಗಾಗಲಿಲ್ಲ. ಮುಂದಿನ ಶನಿವಾರ ಮತ್ತೆ ಐದು ಗಂಟೆಗೆ ಸೀನುವುದು ಬಂದ್. ಮತ್ತೆ ಮೂರು ತಾಸು, ಮತ್ತೆ ಮೂರು ಶಬ್ದ, ಈ ಸಲ ‘ವಿ’ದಿಂದ: ವಿಶ್ವಾಸ, ವಿಧೇಯತೆ, ವಿಮೋಚನೆ. ಸಭೆಯವರು ಬಂದು, “ಉಪದೇಶಿಗಳೇ, ಆ ಕಿರಾಣಿ ಪ್ರಸಂಗ ಮತ್ತೊಮ್ಮೆ ಹೇಳ್ರಿ” ಅಂದರೆ ಸಿಡಿಮಿಡಿಗೊಳ್ಳುತ್ತಿದ್ದ. “ಒಮ್ಮೆ ಬಾವ್ಯಾಗ ಬಿದ್ದಾಗ ದೇವರು ಎತ್ತಿದ ಅಂತ ದಿನಾ ಹಾರಾಕ ಬರತೈತೇನು?”

ಆಗ ನನಗೆ ಅದು ಹಟವೆಂದು ಕಂಡಿತ್ತು. ಈಗ ಅಜ್ಜನ ಪಾಳಿ ನನಗೆ ಬಂದಿದೆ, ನಿವೃತ್ತನಾದ ಮೇಲೆ ಪಾಸ್ಟರರಿಲ್ಲದ ದಿನ ನಾನೂ ಪೀಠ ಹತ್ತುತ್ತೇನೆ, ಆದ್ದರಿಂದ ಲೆಕ್ಕ ಬೇರೆಯಾಗಿ ಕಾಣುತ್ತದೆ. ಚೀಟಿ ಅದಲುಬದಲಾದದ್ದು ಒಂದು ದಿನ. ಸಾಸಿವೆ ಯಾವ ಅಧ್ಯಾಯದಲ್ಲಿದೆ, ಬಳ್ಳೊಳ್ಳಿ ಯಾವ ಕಾಂಡದಲ್ಲಿದೆ ಎಂದು ಅವನು ಓದಿ ಇಟ್ಟುಕೊಂಡದ್ದು ನಲವತ್ತು ವರ್ಷ. ವೀರನಾರಾಯಣ ಗುಡಿಯಲ್ಲಿ ಕಂಬಕ್ಕೊರಗಿ ಒದ್ದೆ ಬಟ್ಟೆಯಲ್ಲಿ ಕೂತ ಕುಮಾರವ್ಯಾಸ ಬಟ್ಟೆ ಆರುವತನಕ ಮಾತ್ರ ಬರೆಯುತ್ತಿದ್ದನೆಂದು ನಮ್ಮೂರಲ್ಲಿ ಎಲ್ಲರೂ ಹೇಳುತ್ತಾರೆ. ತಾನು ಹಲಗೆ ಬಳಪ ಹಿಡಿಯದವನು, ಬರೆದ ಪದ ಅಳಿಸದವನು ಎಂದು ಅವನೇ ಹೇಳಿಕೊಂಡಿದ್ದಾನೆ. ಗದುಗಿನ ಬಿಸಿಲಿಗೆ ಪಂಜೆ ಆರಲು ಎಷ್ಟು ಹೊತ್ತು? ಅಷ್ಟರಲ್ಲಿ ಬರೆಯಬೇಕಾದರೆ ಬಟ್ಟೆ ಒಣಗಿದ್ದಾಗೆಲ್ಲ ಅವನು ಏನು ಮಾಡುತ್ತಿದ್ದ ಎಂದು ಯಾರೂ ಕೇಳುವುದಿಲ್ಲ.

ನಾನಂತೂ ಅಳಿಸುವವನು. ನಮ್ಮ ಸಿ.ಎಸ್.ಐ. ಸಭೆಗಳಿಗೆ ವರ್ಷದ ಪಂಚಾಂಗ ಬರುತ್ತದೆ. ಯಾವ ರವಿವಾರ ಯಾವ ವಿಷಯ, ಯಾವ ಪಾಠ ಎಂದು ಅದರಲ್ಲಿ ಮೊದಲೇ ಅಚ್ಚಾಗಿರುತ್ತದೆ. ವಿಷಯ ಹುಡುಕುವ ತ್ರಾಸಿಲ್ಲ. ಪ್ರಸಂಗವನ್ನು ಫೋನಿನಲ್ಲಿ ಟೈಪು ಮಾಡುತ್ತೇನೆ, ಅಳಿಸುತ್ತೇನೆ, ಮತ್ತೆ ಟೈಪು ಮಾಡುತ್ತೇನೆ. ಹಿಪ್ಪೋದ ಬಿಷಪ್ ಅಗಸ್ಟೀನ್ ಐದನೆಯ ಶತಮಾನದಲ್ಲೇ ಬೋಧಕನ ಕೆಲಸ ಮೂರು ಎಂದು ಬರೆದಿಟ್ಟ: ತಿಳಿಸಬೇಕು, ಮೆಚ್ಚಿಸಬೇಕು, ಮನಸ್ಸು ಕದಲಿಸಬೇಕು. ಇದೂ ಅವನ ಸ್ವಂತದ್ದಲ್ಲ, ರೋಮಿನ ಸಿಸೆರೋನಿಂದ ಕಡ ತಂದದ್ದು. ಬೋಧಕರು ಕಡ ತರುವುದು ಇವತ್ತಿನದಲ್ಲ ಎಂದು ನನಗೆ ಸಮಾಧಾನ. ಇದೇ ಅಗಸ್ಟೀನ್ ಯೌವನದಲ್ಲಿ ಮಿಲಾನಿನಲ್ಲಿ ಬಿಷಪ್ ಅಂಬ್ರೋಸನ ಪ್ರಸಂಗಕ್ಕೆ ಹೋಗುತ್ತಿದ್ದದ್ದು ದೇವರಿಗಾಗಿ ಅಲ್ಲ, ಮಾತುಗಾರಿಕೆ ಹೇಗಿದೆ ನೋಡೋಣ ಎಂದು. ಮಾತಿನ ಸಂಗಡ ವಿಷಯವೂ ಗೊತ್ತಾಗದೆ ಒಳಗೆ ಬಂತು ಎಂದು ಆಮೇಲೆ ಒಪ್ಪಿಕೊಂಡ. ಬದನೆಕಾಯಿ ಭಜಿ ತಿನ್ನಲು ಹೋದವನಿಗೆ ಪುರಾಣವೂ ಕಿವಿಗೆ ಬಿದ್ದ ಹಾಗೆ.

ಮಿಶನರಿಗಳ ಕಾಲಕ್ಕೆ ಪ್ರಸಂಗದ ಉದ್ದೇಶ ಸರಳವಿತ್ತು. ಕೇಳದವರಿಗೆ ಹೇಳುವುದು. ನನ್ನ ಮುಂದೆ ಕೂಡುವವರು ನಾಲ್ಕೈದು ತಲೆಮಾರಿನಿಂದ ಕೇಳಿದವರು. ಪೋಲಿಹೋದ ಮಗ ಕೊನೆಗೆ ಮನೆಗೆ ಬರುತ್ತಾನೆಂದು ನಾನು ಬಾಯಿ ತೆರೆಯುವ ಮುಂಚೆಯೇ ಅವರಿಗೆ ಗೊತ್ತು. ಆದರೆ ಗದಾಯುದ್ಧದಲ್ಲಿ ದುರ್ಯೋಧನನ ತೊಡೆ ಮುರಿಯುತ್ತದೆಂದು ಗದುಗಿನಲ್ಲಿ ಯಾರಿಗೆ ಗೊತ್ತಿಲ್ಲ? ಆದರೂ ಹೋಗಿ ಕೂಡುತ್ತಾರೆ. ಸುದ್ದಿಗಾಗಿ ಅಲ್ಲ. ತಮ್ಮ ಮನೆಯ ಉಪ್ಪು ಅದರೊಳಗೆ ಎಲ್ಲಾದರೂ ಕಾಣುತ್ತದೋ ಎಂದು ನೋಡಲಿಕ್ಕೆ ಇರಬೇಕು. ಮಗ್ಗದ ಬೆಟಗೇರಿಯಲ್ಲಿ ಅಜ್ಜ ಯೋಬನ ಗ್ರಂಥ ಓದಿ, ದಿನಗಳು ಲಾಳಿಗಿಂತ ಬೇಗ ಓಡುತ್ತವೆ ಎಂಬಲ್ಲಿಗೆ ಬಂದಾಗ ಮುದುಕ ನೇಕಾರರು ತಲೆದೂಗುತ್ತಿದ್ದದ್ದು ನೆನಪಿದೆ. ಆ ಒಂದು ಕಡೆ ಮಾತ್ರ ಅವನು ಕೋಟು ಬಿಚ್ಚಿಟ್ಟ ದನಿಯಲ್ಲಿ ಓದುತ್ತಿದ್ದ.

ಹೋದ ವರ್ಷ ಮುಂಡರಗಿ ಕಡೆಯ ಹಳ್ಳಿಯೊಂದರಲ್ಲಿ ಮನೆಕೂಟಕ್ಕೆ ಹೋಗಿದ್ದೆ. ಮೂರು ಅಂಶ, ಒಂಬತ್ತು ಉಪ ಅಂಶ, ಎಲ್ಲಾ ಫೋನಿನಲ್ಲಿ. ಗೀತೆ ಮುಗಿಯುವ ಹೊತ್ತಿಗೆ ಕರೆಂಟು ಹೋಯಿತು, ಪ್ರಾರ್ಥನೆ ಮುಗಿಯುವ ಹೊತ್ತಿಗೆ ಫೋನೂ ಹೋಯಿತು. ಕತ್ತಲಲ್ಲಿ ಹನ್ನೆರಡು ಮಂದಿ ನನ್ನ ದನಿಗಾಗಿ ಕಾಯುತ್ತಿದ್ದರು. ಅಜ್ಜನನ್ನು ನೆನೆದೆ. ಇದ್ದ ಧೈರ್ಯ ಕೂಡಿಸಿ, “ನೀವು ಉಪ್ಪು” ಅಂದೆ.

ಮೂಲೆಯಿಂದ ಒಬ್ಬ ಅಜ್ಜಿಯ ದನಿ ಬಂತು: “ಉಪ್ಪು ಬ್ಯಾಡ್ರಿ. ಬಿ.ಪಿ. ಐತಿ, ಡಾಕ್ಟರು ಬಿಡು ಅಂದಾರ.”

ಎಲ್ಲರೂ ನಕ್ಕರು, ನಾನೂ. ಆಮೇಲೆ ಆ ಅಜ್ಜಿ ಡಾಕ್ಟರರ ಸುದ್ದಿ ಹೇಳಿದಳು, ಅಲ್ಲಿಂದ ಗೋವೆಗೆ ದುಡಿಯಲು ಹೋದ ಮಗನ ಸುದ್ದಿ, ಅವನು ಫೋನು ಮಾಡದ ಸುದ್ದಿ. ಉಳಿದವರೂ ತಮ್ಮ ತಮ್ಮದು ಹೇಳಿದರು. ಸೊಸೆ ಚಿಮಣಿ ಹತ್ತಿಸಿ ತಂದಿಟ್ಟಳು. ತಾಸಿನ ಮೇಲೆ ಕರೆಂಟು ಬಂತು, ಚಹಾ ಬಂತು. ಹೊರಟು ನಿಂತಾಗ ಅಜ್ಜಿ ನನ್ನ ಎರಡೂ ಕೈ ಹಿಡಿದು, “ಇವತ್ತ ಭಾಳ ಚಲೋ ಹೇಳಿದ್ರಿ” ಅಂದಳು. ನಾನು ಹೇಳಿದ್ದು ಎರಡು ಶಬ್ದ. ಬಸ್ಸಿನಲ್ಲಿ ಕಪ್ಪತಗುಡ್ಡದ ಕರಿ ನೆರಳು ನೋಡುತ್ತಾ ಬಂದೆ. ಒಂಬತ್ತು ಉಪ ಅಂಶಗಳು ಕಿಸೆಯಲ್ಲಿ ಸತ್ತು ಮಲಗಿದ್ದವು.

ಆ ಸಾವಕಾರರ ಅಂಗಡಿ ಈಗಿಲ್ಲ. ಅಲ್ಲೀಗ ಮೊಬೈಲ್ ರಿಪೇರಿ. ತಂತಿಗೆ ಚುಚ್ಚಿದ ಅಜ್ಜನ ಚೀಟಿ ಯಾವ ರದ್ದಿಯಲ್ಲಿ ಹೋಯಿತೋ. ಆ ತಿಂಗಳ ಉದ್ರಿ ತೀರಿಸಲು ಅಜ್ಜನೇ ಹೋಗಿದ್ದ. ಸಾವಕಾರರು ಮೂರು ಶಬ್ದ ಓದಿ ಹೇಳಿ, “ಇದರ ರೊಕ್ಕ ಹೆಂಗ ಹಚ್ಚಲಿ?” ಎಂದು ಕೇಳಿದರಂತೆ. ಅಜ್ಜ, “ಅದು ಪುಕಟ” ಅಂದನಂತೆ. ಇಬ್ಬರೂ ಭಾಳ ಹೊತ್ತು ಕಟ್ಟೆಯ ಮೇಲೆ ಕೂತಿದ್ದರು.

ನಾಳೆ ರವಿವಾರ. ಪಾಸ್ಟರರು ಲಕ್ಷ್ಮೇಶ್ವರಕ್ಕೆ ಹೋಗುತ್ತಾರೆ, ಪಾಳಿ ನನ್ನದು. ಸಂಜೆಯಿಂದ ಫೋನು ಹಿಡಿದು ಕೂತು ಮೂರು ಸಲ ಅಳಿಸಿದ್ದೇನೆ. ಟಿಂಗ್ ಎಂದು ವಾಟ್ಸ್ಯಾಪ್ ಬಂತು. ಒಳಗಿನ ಖೋಲಿಯಿಂದ ಹೆಂಡತಿ ಕಳಿಸಿದ ಸಾಮಾನಿನ ಯಾದಿ. ಆಸೆಯಿಂದ ತೆರೆದೆ. ನೆಲ ಒರೆಸುವ ಫಿನೈಲು, ನೂಡಲ್ಸು, ಓಟ್ಸು, ಟಿಶ್ಯೂ ಪೇಪರು, ಸಕ್ಕರೆ ಇಲ್ಲದ ಬಿಸ್ಕೀಟು. ಆದಿಕಾಂಡದಿಂದ ಪ್ರಕಟನೆಯವರೆಗೆ ಮನಸ್ಸಿನಲ್ಲಿ ತಿರುವಿ ಹಾಕಿದೆ.

“ಏನರ ಬಿಟ್ಟೀ ಏನ್ ನೋಡು” ಎಂದು ಒಳಗೆ ಕೂಗಿದೆ. “ಉಪ್ಪು, ಸಾಸ್ವಿ ಇಂಥಾವು?”

“ಸಾಸ್ವಿ ತರಬ್ಯಾಡ್ರಿ” ಎಂದು ಉತ್ತರ ಬಂತು. “ಹ್ವಾದ ವರ್ಷದ್ದs ಡಬ್ಬಿ ತುಂಬ ಐತಿ.”